ಹಿಂದಿನ ಸೀಟು

ಇಬ್ಬರು ತುಳಿಯುವ ಸೈಕಲ್ಲು ಆ ಬೀದಿಯಲ್ಲಿ ಒಂದೇ ಇತ್ತು. ಬೀದಿಯೇಕೆ, ಇಡೀ ಊರಿಗೇ ಅದೊಂದು. ಅಂಗಡಿಯಲ್ಲಿ ಕೊಂಡದ್ದಲ್ಲ. ವೆಲ್ಡರ್ ಮದುವೆಯಾದ ಹೊಸದರಲ್ಲಿ ಎರಡು ಹಳೇ ಸೈಕಲ್ಲುಗಳನ್ನು ಕತ್ತರಿಸಿ, ಒಂದಕ್ಕೊಂದು ಬೆಸೆದು, ಉಜ್ಜಿ, ಹಸಿರು ಬಣ್ಣ ಬಳಿದು ತಾನೇ ಮಾಡಿಕೊಂಡದ್ದು. ಹೊಸ ಹೆಂಡತಿಗೆ ಜನ ಬಟ್ಟೆ ಕೊಡಿಸುತ್ತಾರೆ, ಸರ ಕೊಡಿಸುತ್ತಾರೆ. ಈ ಪುಣ್ಯಾತ್ಮ ಸೀಟು ಕೊಡಿಸಿದ. ಅದೂ ಹಿಂದಿನ ಸೀಟು.

ಅಂಥ ಸೈಕಲ್ಲಿನ ಕಷ್ಟಸುಖ ಅದರ ಮೇಲೆ ಕೂತವರಿಗೇ ಗೊತ್ತು. ಹ್ಯಾಂಡಲ್ಲು, ಬ್ರೇಕು, ಗೇರು, ದಾರಿ ಎಲ್ಲವೂ ಮುಂದೆ ಕೂತವನ ಕೈಯಲ್ಲಿ. ಹಿಂದೆ ಕೂತವಳದು ತುಳಿಯುವ ಕೆಲಸ ಅಷ್ಟೇ. ಅವಳ ಮುಂದೆಯೂ ಒಂದು ಹ್ಯಾಂಡಲ್ಲು ಇರುತ್ತದೆ ನಿಜ, ಆದರೆ ಅದು ಹಿಡಿದುಕೊಳ್ಳುವುದಕ್ಕೆ ಮಾತ್ರ. ಎಷ್ಟು ತಿರುಗಿಸಿದರೂ ತಿರುಗುವುದಿಲ್ಲ, ಅದನ್ನು ವೆಲ್ಡ್ ಮಾಡಿ ಕೂರಿಸಿರುತ್ತಾರೆ. ದಾರಿ ಅವಳಿಗೆ ಕಾಣುವುದಿಲ್ಲ, ಕಾಣುವುದು ಗಂಡನ ಬೆನ್ನು. ಹಾಗಂತ ಏನೂ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಇಬ್ಬರ ಪೆಡಲ್ಲೂ ಒಂದೇ ಚೈನಿಗೆ ಸೇರಿಕೊಂಡಿರುವುದರಿಂದ, ಒಬ್ಬರು ಸೋತರೆ ಇನ್ನೊಬ್ಬರ ಅಂಗಾಲಿಗೆ ತಿಳಿದುಬಿಡುತ್ತದೆ. ಗಂಡನಿಗೆ ಹಸಿವಾಗಿದೆ, ಗಂಡನಿಗೆ ಯಾರ ಮೇಲೋ ಸಿಟ್ಟು ಬಂದಿದೆ, ಗಂಡ ಒಳಗೊಳಗೇ ನಗುತ್ತಿದ್ದಾನೆ, ಇದನ್ನೆಲ್ಲ ಅವಳು ಕಾಲಿನಿಂದಲೇ ಹೇಳುತ್ತಿದ್ದಳು.

ಕೆಳಗೆ ಅವನ ವೆಲ್ಡಿಂಗ್ ಶೆಡ್ಡು, ಮೇಲೆ ಅವಳ ಹೊಲಿಗೆ ಕೋಣೆ. ಅವನು ಗೇಟು, ಕಿಟಕಿ ಸರಳು ಮಾಡುತ್ತಿದ್ದ. ಅವಳು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಕೆಳಗೆ ಗ್ರೈಂಡರ್ ಕಿರುಚಿದರೆ ಮೇಲೆ ಅವಳ ಮೇಜಿನ ಮೇಲಿನ ಗುಂಡುಸೂಜಿಗಳೆಲ್ಲ ನಡುಗುತ್ತಿದ್ದವು. ಶಾಲೆ ಶುರುವಾಗಿ ಹೊಲಿಗೆಯ ಗಡಿಬಿಡಿ ಮುಗಿದೊಡನೆ ಶಟರ್ ಎಳೆದು, ಅವಳೇ ದಪ್ಪ ಕ್ಯಾನ್‌ವಾಸಿನಲ್ಲಿ ಹೊಲಿದ ಚೀಲಗಳನ್ನು ಸೈಕಲ್ಲಿಗೆ ನೇತುಹಾಕಿ, ಇಬ್ಬರೂ ಊರು ಬಿಡುತ್ತಿದ್ದರು. ಎಲ್ಲಿಗೆ ಹೋದರೂ ಹೋಗುವಾಗ ಮಾತ್ರ ಕಾಡಿನ ದಾರಿಯೇ. ‘ರಾಷ್ಟ್ರೀಯ ಉದ್ಯಾನ’ ಅಂತ ಬೋರ್ಡು ಹಾಕಿದ್ದರು. ಇವರ ಬಾಯಲ್ಲಿ ಅದು ಬರೀ ಕಾಡು. ಈ ತುದಿಗೊಂದು ಗೇಟು, ಆ ತುದಿಗೊಂದು ಗೇಟು, ನಡುವೆ ತಂಗಲು ಒಂದು ಬಂಗಲೆ.

ಅವನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದ ಕಥೆ ನಡೆದದ್ದು ಆ ಕಾಡಿನಲ್ಲೇ, ಮದುವೆಯಾದ ವರ್ಷವೇ. ಬಂಗಲೆ ದಾಟಿದ ಮೇಲೆ ದಾರಿ ಏರಿ ಏರಿ ಒಂದು ದೊಡ್ಡ ಬಂಡೆಯ ಹತ್ತಿರ ನಿಲ್ಲುತ್ತದೆ. ಅಲ್ಲಿಂದಾಚೆ ಹಳ್ಳದವರೆಗೂ ಇಳಿಜಾರು. ಬಂಡೆಯ ಬುಡದಲ್ಲಿ ನೀರು ಕುಡಿದರು. ಅವಳ ಜಡೆ ಬಿಚ್ಚಿಹೋಗಿತ್ತು, ಹೆಣೆದುಕೊಳ್ಳುತ್ತ ಸ್ವಲ್ಪ ಆಚೆ ನಿಂತಿದ್ದಳು. ಇವನು ಸೈಕಲ್ಲು ಹತ್ತಿದವನೇ ಹೊರಟೇಬಿಟ್ಟ! ಇಳಿಜಾರು ಬೇರೆ, ಭಾರವಾದ ಚೀಲಗಳು ಬೇರೆ. ಹಿಂದೆ ಹೆಂಡತಿ ಇಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ದಾರಿಯುದ್ದಕ್ಕೂ ಮಾತಾಡಿದ. ಶೆಡ್ಡಿನ ಮೇಲೆ ಮಹಡಿ ಎತ್ತೋಣ ಅಂದ, ಅಲ್ಲಿ ನಿನಗೊಂದು ಹೊಲಿಗೆ ಕೋಣೆ ಅಂದ. ಯಾವುದಕ್ಕೂ ಎದುರಾಡುವುದಿಲ್ಲವಲ್ಲ, ಎಂಥ ಒಳ್ಳೇ ಹೆಂಡತಿ ಸಿಕ್ಕಳಪ್ಪಾ ಅಂತ ಹಿಗ್ಗಿಹೋದ. ಕೆಳಗೆ ಹಳ್ಳದ ಸೇತುವೆ ದಾಟಿದ ಮೇಲೆ ನೀರಿನ ಬಾಟಲಿಗೆಂದು ಕೈ ಹಿಂದೆ ಚಾಚಿದ. ಯಾರೂ ಕೊಡಲಿಲ್ಲ.

ಈ ಕಥೆಯನ್ನು ಅವನು ಹೇಳದ ಮನೆಯಿಲ್ಲ. ನೆಂಟರು ಸೇರಿದಲ್ಲೆಲ್ಲ ಯಾರಾದರೊಬ್ಬರು ಕೆದಕುತ್ತಿದ್ದರು. ಅವನು ಎದ್ದು ನಿಂತು, ಕೈ ಹಿಂದೆ ಚಾಚಿ ತೋರಿಸಿ, ಕೊನೆಗೆ, “ಅಲ್ಲೀವರೆಗೂ ನಮ್ಮ ಸಂಸಾರ ಭಾರೀ ಸುಖವಾಗಿತ್ತು ನೋಡಿ!” ಅನ್ನುತ್ತಿದ್ದ. ಅವಳು ಅಡಿಗೆಮನೆಯಿಂದಲೇ, “ವಾಪಸ್ ಬಂದಾಗ ಇವರ ಮುಖ ನೋಡ್ಬೇಕಿತ್ತು!” ಅಂತ ಕೂಗುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತಿನಿಂದ ಒಂದು ರೂಢಿ ಬಿತ್ತು. ಸೈಕಲ್ಲು ಹೊರಡುವ ಮುಂಚೆ ಅವನು ಕೇಳಬೇಕು, “ಕೂತ್ಯಾ?” ಅವಳು ಹೇಳಬೇಕು, “ಕೂತೆ, ಹೊರಡಿ.” ಹಾಲು ತರುವುದಕ್ಕೆ ಬೀದಿಯ ತುದಿಗೆ ಹೋಗುವಾಗಲೂ ಅಷ್ಟೇ. ಜಗಳವಾಡಿ ಮುಖ ಊದಿಸಿಕೊಂಡಿದ್ದಾಗಲೂ ಅಷ್ಟೇ. ಅವಳಿಗೆ ಅಡ್ಡಹೆಸರೂ ಅಂಟಿಕೊಂಡಿತು. “ಏ ಹಿಂದಿನ್ ಸೀಟು, ಟೀ ಕೊಡೇ!” ಅಂತಲೇ ಅವನು ಕರೆಯುತ್ತಿದ್ದದ್ದು.

ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ, ಇವರಿಬ್ಬರ ಕೂದಲು ನರೆತ ಮೇಲೆ ಮೊದಲು ಎಡವಟ್ಟಾದದ್ದು ಶೆಡ್ಡಿನಲ್ಲಿ. ಕಣ್ಣು ಮುಚ್ಚಿ ಗೇಟು ಮಾಡುವ ಮನುಷ್ಯ, ಒಂದು ಗೇಟಿಗೆ ಕೀಲುಗಳನ್ನು ಎರಡೂ ಕಡೆ ಬೆಸೆದುಬಿಟ್ಟ. ಅದು ತೆರೆಯುವುದಾದರೂ ಎಲ್ಲಿಂದ? ಗಿರಾಕಿ ನಕ್ಕ, ಇವನೂ ನಕ್ಕ. ಆಮೇಲೊಂದು ದಿನ ವೆಲ್ಡಿಂಗ್ ಮುಖವಾಡವನ್ನು ತಲೆಯ ಮೇಲೆ ಏರಿಸಿಕೊಂಡೇ ಊಟಕ್ಕೆ ಬಂದು ಕೂತ. ಆಗ ಅವಳಿಗೆ ನಗು ಬರಲಿಲ್ಲ. ಮಗಳನ್ನು “ಅಕ್ಕಾ” ಅಂದ. ಅಳಿಯನನ್ನು ಗಿರಾಕಿ ಅಂದುಕೊಂಡು ಸ್ಟೂಲು ಒರೆಸಿ ಕೊಟ್ಟ. ಡಾಕ್ಟರು ತಲೆಯ ಫೋಟೋವನ್ನು ಬೆಳಕಿಗೆ ಹಿಡಿದು, ಇದು ವಾಸಿಯಾಗುವ ಕಾಯಿಲೆ ಅಲ್ಲ ಅಂದರು.

“ನನ್ನನ್ನೂ ಮರೀತಾರಾ?” ಅಂತ ಅವಳು ಕೇಳಿದಳು.

“ಮರೀಬಹುದಮ್ಮ. ಯಾವಾಗ ಅಂತ ಹೇಳೋಕಾಗಲ್ಲ,” ಅಂದರು ಡಾಕ್ಟರು.

ಅವಳು ಮನೆಗೆ ಬಂದು ನೆಪ ಮಾಡಿಕೊಂಡು ಆ ಕಥೆ ತೆಗೆದಳು. ಅವನು ಬೇರೆ ಯಾರದೋ ಕಥೆ ಕೇಳುವವನಂತೆ ನಕ್ಕ, ಅಷ್ಟೇ. “ಹಿಂದಿನ್ ಸೀಟು” ಅನ್ನುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಅದೂ ಹೋಗುವ ಮುಂಚೆ ಒಂದು ಸಲ, ಒಂದೇ ಸಲ, ಕಾಡು ದಾಟಬೇಕು. ಆ ಬಂಡೆ ನೋಡಿದರೆ ಕಥೆ ತಾನಾಗಿ ಬಾಯಿಗೆ ಬರುತ್ತದೆ, ಅದನ್ನು ಅವನ ಬಾಯಿಂದಲೇ ಕೇಳಬೇಕು. ಅವಳ ತಲೆಯಲ್ಲಿ ಕೂತದ್ದು ಇದು.

ಇದನ್ನು ಕೇಳಿ ಮಗಳು ಸಿಟ್ಟಿನಿಂದ ಕುಣಿದಾಡಿಬಿಟ್ಟಳು. “ಅಮ್ಮಾ, ನಿಂಗೇನ್ ತಲೆ ಕೆಟ್ಟಿದ್ಯಾ? ಮನೆಯಿಂದ ಬಚ್ಚಲಿಗೆ ದಾರಿ ಗೊತ್ತಾಗ್ತಿಲ್ಲ ಅಪ್ಪಂಗೆ, ಕಾಡಿಗೆ ಕರ್ಕೊಂಡ್ ಹೋಗ್ತಾಳಂತೆ!”

“ದಾರಿ ನಾನು ನೋಡ್ಕೋತೀನಿ. ನಾನು ಮುಂದೆ ಕೂರ್ತೀನಿ.”

“ನೀನು ಯಾವತ್ತಮ್ಮಾ ಹ್ಯಾಂಡಲ್ ಹಿಡಿದಿದ್ದೆ?”

“ಹಿಡಿದ್ರೆ ಬರುತ್ತೆ. ನಿನ್ನ ಹೆತ್ತಾಗ ನಂಗೇನು ಮೊದಲೇ ಅಭ್ಯಾಸ ಇತ್ತಾ?”

ಮಗಳು ಸೋತಳು. ಎರಡನೇ ದಿನ ಆಚೆ ಗೇಟಿನ ಹತ್ತಿರ ವ್ಯಾನ್ ತಂದು ಕಾಯುತ್ತೇನೆ, ಸಂಜೆಯೊಳಗೆ ಬಂದುಬಿಡಬೇಕು ಅಂತ ಹತ್ತು ಸಲ ಹೇಳಿ ಒಪ್ಪಿಕೊಂಡಳು. ತಾಯಿ ಬೆಳಗಿನ ಹೊತ್ತು ಬೀದಿಯಲ್ಲಿ ಒಬ್ಬಳೇ ಹ್ಯಾಂಡಲ್ ಹಿಡಿದು ಕಲಿತಳು. ಕಸದ ತೊಟ್ಟಿಗೆ ಗುದ್ದಿದಳು, ಮೊಣಕಾಲು ತರಚಿಕೊಂಡಳು, ಬಿಡಲಿಲ್ಲ.

ಹೊರಡುವ ದಿನ ಅವನು ಮುಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತ. “ಇವತ್ತು ನಾನು ಮುಂದೆ ರೀ,” ಅಂದಳು. ಅವನು ಅವಳನ್ನೂ ಸೀಟನ್ನೂ ನೋಡಿದ. “ಹಾಗಾದ್ರೆ ನನ್ನ ಬೆನ್ನು ಯಾರು ನೋಡ್ತಾರೆ?” ಅಂದ. ಅವಳು ನಕ್ಕಳು. ಅವನು ಹಿಂದೆ ಕೂತ.

ಕಾಡಿನ ಗೇಟಿನಲ್ಲಿದ್ದ ಗಾರ್ಡು ಹಳೇ ಪರಿಚಯ. “ಏನ್ ಯಜಮಾನ್ರೇ, ಈ ಸಲ ಡ್ರೈವರ್ ಬದಲಾಗಿದಾರೆ?” ಅಂತ ತಮಾಷೆ ಮಾಡಿದ.

“ಪ್ರಮೋಷನ್ ಕೊಟ್ಟಿದೀನಿ!” ಅಂದುಬಿಟ್ಟ ಅವನು, ಥಟ್ಟನೆ.

ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ನೋಡು, ಕಾಡಿನ ಗಾಳಿ ತಾಗಿದ್ದೇ ಮನುಷ್ಯ ಸರಿಹೋದ ಅಂದುಕೊಂಡಳು. ಬಂಡೆಯ ಸುತ್ತಮುತ್ತ ಕರಡಿಯೊಂದು ಮರಿಗಳ ಜೊತೆ ಓಡಾಡುತ್ತಿದೆ, ದಾರಿ ಬಿಟ್ಟು ಇಳಿಯಬೇಡಿ ಅಂತ ಗಾರ್ಡು ಹೇಳಿದ್ದು ಅರ್ಧ ಕಿವಿಗೆ ಬಿತ್ತು. “ಕೂತ್ರಾ?” ಅಂದಳು. “ಕೂತೆ, ಹೊರಡು,” ಅಂದ. ಹೊರಟರು.

ದಾರಿ ಮುಂದಿನಿಂದ ಹೀಗೆ ಕಾಣುತ್ತದೆಯೇ! ಇಷ್ಟು ವರ್ಷ ಎಡಬಲ ನೋಡಿಕೊಂಡು ದಾಟಿದ ಕಾಡು ಈಗ ಎದುರಿಗೇ ಬಂದು ನಿಂತಿತ್ತು. ದೂರದಲ್ಲಿ ಜಿಂಕೆಗಳು ತಲೆಯೆತ್ತಿ ನೋಡಿ, ಇವರೇ ತಾನೇ ಅನ್ನುವಂತೆ ಮತ್ತೆ ಮೇಯತೊಡಗಿದವು. ತಿರುವು ಬಂದಾಗಲೆಲ್ಲ ಹಿಂದೆ ಅವನು ತನ್ನ ಹ್ಯಾಂಡಲ್ಲನ್ನು ಬಲವಾಗಿ ತಿರುಗಿಸಲು ನೋಡುತ್ತಿದ್ದ. ರಬ್ಬರ್ ಹಿಡಿಕೆ ಕಿರ್ ಅನ್ನುತ್ತಿತ್ತು. ತಾನೇ ವೆಲ್ಡ್ ಮಾಡಿದ್ದು, ಅದೆಲ್ಲಿ ತಿರುಗೀತು?  ಇನ್ನೊಂದು ವಿಚಿತ್ರವೆಂದರೆ, ಸೈಕಲ್ಲು ಆಗಾಗ ಓಲಾಡುತ್ತಿತ್ತು. ಅವನು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ.

“ಏನ್ರೀ ಹಿಂದೆ? ಗಾಡಿ ಬಂತಾ?”

“ಏನಿಲ್ಲ,” ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗುತ್ತಿದ್ದ.

ಸಂಜೆ ಬಂಗಲೆಯಲ್ಲಿ ಮೊಟ್ಟೆ ಬೇಯಿಸಿ, ಬ್ರೆಡ್ಡು ಬಿಸಿ ಮಾಡಿ ತಟ್ಟೆಗೆ ಹಾಕಿದಳು. ಅವನು ಮಂಚದ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದ. “ಹಿಂದಿನ್ ಸೀಟು ಎಲ್ಲಿ?” ಅಂದ.

“ಇಲ್ಲೇ ಇದೀನಲ್ಲ ರೀ, ಕಣ್ಣ ಮುಂದೆ.”

“ಹಾಂ,” ಅಂದು ಮೊಟ್ಟೆ ತಿಂದ. ಅಡ್ಡಹೆಸರು ಮರೆತಿಲ್ಲ ಅಂತ ಅವಳು ಸಮಾಧಾನಪಟ್ಟುಕೊಂಡಳು. ಮಾತಿನ ಇನ್ನರ್ಧ, ಆ ‘ಎಲ್ಲಿ’, ಅವಳಿಗೆ ಕೇಳಿಸಲೇ ಇಲ್ಲ, ಪಾಪ.

ಮರುದಿನ ಏರು. ಚೀಲಗಳ ಭಾರ, ಅವನ ಭಾರ, ಎಲ್ಲ ಅವಳ ತೊಡೆಗೆ ಬಂತು. ಅವನ ಕಾಲು ಪೆಡಲ್ಲಿನ ಮೇಲೆ ಸುಮ್ಮನೆ ಇತ್ತು, ಪೆಡಲ್ಲು ತಿರುಗಿದಂತೆ ಅದೂ ತಿರುಗುತ್ತಿತ್ತು. ಇಷ್ಟು ವರ್ಷ ಅಂಗಾಲಿಗೆ ಮಾತಾಡುತ್ತಿದ್ದ ಮನುಷ್ಯ ಅಲ್ಲಿಯೂ ಮಾತು ಬಿಟ್ಟಿದ್ದ. ಅಲ್ಲಲ್ಲಿ ನಿಂತು, ತಳ್ಳಿ, ಮತ್ತೆ ಹತ್ತಿ, ಅಂತೂ ಇಂತೂ ಬಂಡೆ ತಲುಪುವ ಹೊತ್ತಿಗೆ ಅವಳ ಉಸಿರು ಗಂಟಲಿಗೆ ಬಂದಿತ್ತು.

ಬಂಡೆ ಹಾಗೇ ಇತ್ತು. ಅವಳು ಬುಡದಲ್ಲಿ ಕೂತು, ನೀರು ಕುಡಿದು, ಅವನಿಗೂ ಕೊಟ್ಟು ಕಾದಳು. ಅವನು ಬಂಡೆಯ ಒಂದು ಸುತ್ತು ಬಂದ. ಕಣ್ಣು ಕಿರಿದು ಮಾಡಿ ಮರಗಳ ಸಂದಿಗೆ ನೋಡಿದ. ಬಂತು, ಬಂತು, ಈಗ ಹೇಳುತ್ತಾನೆ ಅಂತ ಅವಳು ಅವನ ಬಾಯಿಯನ್ನೇ ನೋಡಿದಳು.

“ಇದೇ ಜಾಗ ಅಲ್ವೇನ್ರೀ?” ಅಂದಳು, ತಡೆಯಲಾರದೆ.

“ಯಾವ್ದು?”

“ನೀವು ನನ್ನ ಬಿಟ್ಟು ಹೋಗಿದ್ದು! ಜಡೆ ಹಾಕ್ಕೋತಿದ್ದೆ, ನೀವು ಹೊರಟೇಬಿಟ್ರಿ! ಕೈ ಹಿಂದೆ ಚಾಚಿದ್ರಿ…” ಅಂತ ಅವಳೇ ಚಾಚಿ ತೋರಿಸಿದಳು.

ಅವನ ಮುಖದಲ್ಲಿ ಗಾಬರಿಯಂಥದೇನೋ ಬಂದುಹೋಯಿತು.  ಅವಳು ಸ್ವಲ್ಪ ಹೊತ್ತು ಕಾದಳು, ಇನ್ನೂ ಸ್ವಲ್ಪ ಹೊತ್ತು ಕಾದಳು, ಆಮೇಲೆ ಅವಳಿಗೆ ರೋಸಿಹೋಯಿತು. ಮಗಳ ಕೈಲಿ ಬೈಸಿಕೊಂಡು, ಮೊಣಕಾಲು ಒಡೆದುಕೊಂಡು, ಏರು ತುಳಿದು ಬಂದದ್ದು ಈ ‘ಯಾವ್ದು’ ಕೇಳುವುದಕ್ಕಾ? ಕಾಯಿಲೆಯ ಮನುಷ್ಯನ ಮೇಲೆ ಸಿಟ್ಟು ಮಾಡಬಾರದು ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದರೆ ಸಿಟ್ಟು ಬರುವುದಿಲ್ಲವಾ? ಕಣ್ಣು ಒರೆಸಿಕೊಂಡು ದಡಕ್ಕನೆ ಎದ್ದು ಸೈಕಲ್ಲಿನ ನಡುವೆ ಕಾಲು ಹಾಕಿ ನಿಂತಳು. ಅವನ ಮುಖ ನೋಡುವ ಮನಸ್ಸಾಗಲಿಲ್ಲ.

ಹಿಂದಿನ ಸೀಟಿನ ಸ್ಪ್ರಿಂಗು ಕುಯ್ ಅಂದಿತು.

“ಕೂತ್ರಾ?”

“ಕೂತೆ, ಹೊರಡು.”

ಹೊರಟಳು. ಇಳಿಜಾರು ಸೈಕಲ್ಲನ್ನು ತಾನೇ ಎಳೆದುಕೊಂಡಿತು. ಕಿವಿಯಲ್ಲಿ ಗಾಳಿ ಭೋರ್ ಅನ್ನುತ್ತಿತ್ತು. ಮುಂದೆ ಕೂತವರಿಗೆ ಅದೊಂದು ಅನುಕೂಲ, ಅಳುವುದು ಯಾರಿಗೂ ಕಾಣುವುದಿಲ್ಲ. “ಎಲ್ಲಾರ್ ಮನೇಲೂ ಹೇಳಿದ್ರಿ, ಬೇಡ ಅಂದ್ರೂ ಹೇಳಿದ್ರಿ,” ಅಂತ ಅವಳು ಗಾಳಿಗೇ ಬೈದಳು. “ನಂಗೊಬ್ಳಿಗೆ ಒಂದ್ಸಲ ಹೇಳೋಕೆ ಏನಾಗಿತ್ತು ನಿಮ್ಗೆ?” ಅವನು ಎದುರಾಡಲಿಲ್ಲ. ಬೈದು ಬೈದು ಸಿಟ್ಟು ಇಳಿದುಹೋಯಿತು. ಕರುಣೆ ಬಂತು. “ಹೋಗ್ಲಿ ಬಿಡಿ. ಸುಸ್ತಾಗಿದ್ಯಾ? ಗೇಟಿನ ಹತ್ರ ಮಗಳು ಟೀ ತಂದಿರ್ತಾಳೆ,” ಅಂದಳು.

ಹಳ್ಳದ ಸೇತುವೆ ದಾಟಿ ಏರು ಶುರುವಾಯಿತು. ಬೆಳಿಗ್ಗೆಯಿಂದ ಕಬ್ಬಿಣದ ಗುಂಡಿನಂತಿದ್ದ ಸೈಕಲ್ಲು ಸರಸರ ಏರಿತು. ಅವಳಿಗೆ ಆಶ್ಚರ್ಯ. ಕಾಲಿನ ಕೆಳಗೆ ಪೆಡಲ್ಲು ಎಷ್ಟು ಹಗುರ! “ಅಯ್ಯೋ, ನೋಡ್ರೀ! ಎಷ್ಟ್ ಚೆನ್ನಾಗಿ ತುಳೀತಿದೀರಿ!” ಅಂದಳು, ಮಗುವನ್ನು ಹೊಗಳುವಂತೆ. “ನಿಮ್ ಕಾಲಿಗೆ ಏನೂ ಮರೆತಿಲ್ಲ ಕಣ್ರೀ!” ಖುಷಿಯಲ್ಲಿ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಹಿಂದೆ ಚಾಚಿದಳು.

ಯಾರೂ ತೆಗೆದುಕೊಳ್ಳಲಿಲ್ಲ.

 ತಿರುಗಿ ನೋಡಬೇಕಾಗಿಯೇ ಇರಲಿಲ್ಲ, ಆದರೂ ತಿರುಗಿದಳು. ಖಾಲಿ ಸೀಟು. ಕೂತೆ ಅಂದನಲ್ಲ! ಅಂದದ್ದು ನಿಜ. ಸೀಟಿನ ಮೇಲೆ ಕೈಯೂರಿ, ನೆಲದ ಮೇಲೆ ನಿಂತುಕೊಂಡೇ ಅಂದಿದ್ದ. ತಲೆಯಲ್ಲಿ ಎಲ್ಲ ಅಳಿಸಿಹೋದರೂ ನಾಲಗೆಯ ಮೇಲೆ ಆ ಎರಡು ಮಾತು ಉಳಿದುಕೊಂಡಿತ್ತು. ಅವಳು ಕೇಳಿದಳು, ಅದು ಉತ್ತರ ಕೊಟ್ಟಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗದ ಮಾತನ್ನು ನಂಬಿಕೊಂಡು ಅವಳು ಹೊರಟಿದ್ದಳು.

ಸೈಕಲ್ಲು ತಿರುಗಿಸಿದಳು. ಇಳಿದ ಇಳಿಜಾರೆಲ್ಲ ಈಗ ಏರಾಗಿತ್ತು. ತುಳಿದಳು, ಆಗದಿದ್ದಾಗ ಇಳಿದು ತಳ್ಳಿದಳು. ಚೀಲಗಳನ್ನು ಕಿತ್ತು ದಾರಿಯ ಪಕ್ಕಕ್ಕೆ ಎಸೆದಳು. ಕರಡಿಯ ಮಾತು ಈಗ ಪೂರ್ತಿ ನೆನಪಾಯಿತು. “ರೀ! ರೀ!” ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಕಾಡು ಹೂಂ ಅನ್ನಲಿಲ್ಲ. ಮಗಳಿಗೆ ಏನು ಹೇಳಲಿ, ನಾನೇ ಕೈಯಾರೆ ಕಳೆದು ಬಂದೆ ಅನ್ನಲಾ? ದೇವರೇ, ಅವರು ನನ್ನ ಮರೆತರೂ ಪರವಾಗಿಲ್ಲ, ಮೈಗೆ ಏನೂ ಆಗದೆ ಸಿಕ್ಕಿಬಿಡಲಿ ಅಂತ ಬೇಡಿಕೊಂಡಳು. ಬೇಡುವಾಗ ಮಾತು ನೋಡಿ ಆಡಬೇಕು ಅಂತ ಆಗ ಯಾರಿಗೆ ಹೊಳೆಯುತ್ತದೆ?

ಅವನು ಅಲ್ಲೇ ಇದ್ದ. ಬಂಡೆಗೆ ಒರಗಿ ಕೂತಿದ್ದ. ಎಲ್ಲೆಲ್ಲಿ ಹುಡುಕಿದ್ದನೋ, ಪ್ಯಾಂಟಿಗೆಲ್ಲ ಮುಳ್ಳು ಅಂಟಿತ್ತು, ಒಂದು ಕೈ ತರಚಿತ್ತು, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಅವಳನ್ನು ಕಂಡದ್ದೇ ಎದ್ದು ದಾರಿಗೆ ಅಡ್ಡ ನಿಂತ.

“ಅಮ್ಮಾ, ಸ್ವಲ್ಪ ನಿಲ್ಲಿಸ್ತೀರಾ? ನನ್ನ ಹೆಂಡ್ತಿನ ಎಲ್ಲಾದ್ರೂ ನೋಡಿದ್ರಾ?”

ಅವಳ ಕೈಯಿಂದ ಸೈಕಲ್ಲು ಜಾರಿತು. “ನಾನೇ ಕಣ್ರೀ. ನೋಡಿ ಇಲ್ಲಿ, ನಾನೇ.”

ಅವನು ಮರ್ಯಾದೆಯಿಂದಲೇ ನೋಡಿದ. ಪರಸ್ಥಳದ ಹೆಂಗಸನ್ನು ನೋಡುವ ಹಾಗೆ. “ಅಲ್ಲಮ್ಮ, ಅವಳು ಚಿಕ್ಕವಳು. ಉದ್ದ ಜಡೆ. ಹಿಂದೆ ಕೂತಿದಾಳೆ ಅಂತ ನಾನು ಮಾತಾಡ್ಕೊಂಡು ಹೊರಟ್ಬಿಟ್ಟೆ. ತಿರುಗಿ ನೋಡ್ತೀನಿ, ಇಲ್ಲ! ಎಷ್ಟು ಸಲ ನೋಡಿದ್ರೂ ಹಿಂದೆ ಇಲ್ಲ.” ಅವನು ಕೈ ಹಿಂದೆ ಚಾಚಿ ತೋರಿಸಿದ, ಎಲ್ಲರ ಮನೆಯಲ್ಲೂ ತೋರಿಸುತ್ತಿದ್ದ ಹಾಗೇ. “ಮದುವೆಯಾಗಿ ಇನ್ನೂ ವರ್ಷ ಆಗಿಲ್ಲಮ್ಮ. ಒಬ್ಳೇ ಇಲ್ಲಿ ಎಷ್ಟು ಹೆದರಿದಾಳೋ. ಅವಳು ಸಿಗ್ದೆ ನಾನು ಮನೆಗೆ ಹೋಗಲ್ಲ.”

ಕಥೆ ಕೇಳಬೇಕು ಅಂತ ಬಂದಿದ್ದಳಲ್ಲ, ಕೇಳಿಸಿತು. ನೆಂಟರ ಮುಂದೆ ಹೇಳುವಾಗ ಇದರಲ್ಲಿ ಒಂದು ಹನಿ ಕಣ್ಣೀರು ಇರುತ್ತಿರಲಿಲ್ಲ. ಆದರೆ ಅವತ್ತು, ಆ ಮೊದಲ ವರ್ಷ, ಇವನು ವಾಪಸ್ ಬಂದಾಗ ಮುಖ ಹೀಗೇ ಇತ್ತು. ಅದನ್ನು ಕಂಡವಳು ಅವಳೊಬ್ಬಳೇ.

ಬಿಸಿಲು ಮರಗಳ ಹಿಂದೆ ಇಳಿಯುತ್ತಿತ್ತು. ಗೇಟು ಮುಚ್ಚಿಬಿಡುತ್ತಾರೆ. ಅವಳು ಎಳ್ಳಷ್ಟೂ ಧೈರ್ಯ ಉಳಿಯದಿದ್ದರೂ ಸೈಕಲ್ಲು ಎತ್ತಿ ನಿಲ್ಲಿಸಿದಳು. 

“ನೋಡಿದೆ,” ಅಂದಳು. “ಉದ್ದ ಜಡೆ ತಾನೇ? ಮುಂದೆ ಗೇಟಿನ ಹತ್ರ ಕೂತಿದಾಳೆ. ನಿಮ್ಮನ್ನೇ ಕಾಯ್ತಿದಾಳೆ.”

“ನಿಜವಾಗ್ಲೂ? ಅಳ್ತಿದ್ಲಾ?”

“ಇಲ್ಲ.”

“ಕೋಪ ಮಾಡ್ಕೊಂಡಿದ್ಲಾ?”

“ಸ್ವಲ್ಪ ಹೊತ್ತು ಮಾಡ್ಕೊಂಡಿದ್ಲು. ಈಗಿಲ್ಲ. ಬನ್ನಿ, ನಾನು ಕರ್ಕೊಂಡ್ ಹೋಗ್ತೀನಿ.”

ಅವನು ಕೈಮುಗಿದ. “ದೊಡ್ಡ ಉಪಕಾರ ಆಯ್ತಮ್ಮ,” ಅಂದ. ಅವಳು ಈ ಸಲ ಪೂರ್ತಿ ಹಿಂದೆ ತಿರುಗಿ ನಿಂತು, ಅವನ ತೋಳು ಹಿಡಿದು ಸೀಟಿನ ಮೇಲೆ ಕೂರಿಸಿ, ಕಾಲುಗಳನ್ನು ಒಂದೊಂದಾಗಿ ಪೆಡಲ್ಲಿನ ಮೇಲೆ ಇಟ್ಟಳು. ಆಮೇಲೂ ಕೇಳಿದಳು, “ಕೂತ್ರಾ?”

“ಕೂತೆ, ಹೊರಡಿ. ಬೇಗ ಹೊರಡೀಮ್ಮ, ಅವಳು ಒಬ್ಳೇ ಇದಾಳೆ.”

ಎರಡು ದಿನದಿಂದ ಸತ್ತಂತಿದ್ದ ಪೆಡಲ್ಲು ಅವಳ ಅಂಗಾಲಿನ ಕೆಳಗೆ ಒಮ್ಮೆಗೇ ಜಿಗಿಯಿತು. ಇಳಿಜಾರು ಮುಗಿಯಿತು, ಸೇತುವೆ ಹೋಯಿತು, ಏರು ಬಂತು. ಹಿಂದೆ ಅವನು ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದ, ಏದುಸಿರು ಬಿಡುತ್ತಿದ್ದ, ಆದರೂ ತುಳಿಯುತ್ತಿದ್ದ. ಮದುವೆಯಾದ ಹೊಸದರಲ್ಲೂ ಅವನು ಹೀಗೆ ತುಳಿದದ್ದು ಅವಳಿಗೆ ನೆನಪಿಲ್ಲ. ಅವಳು ತನ್ನ ಕಾಲುಗಳನ್ನು ಸುಮ್ಮನೆ ಪೆಡಲ್ಲಿನ ಮೇಲಿಟ್ಟು, ಹ್ಯಾಂಡಲ್ಲನ್ನು ನೆಟ್ಟಗೆ ಹಿಡಿದುಕೊಂಡಳು. ಅವನೇ ತುಳಿದು ಅವಳನ್ನು ಗೇಟಿನವರೆಗೆ ಕರೆದುಕೊಂಡು ಹೋದ.